12345654321: ಆರರ ತನಕ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯ ಗುಟ್ಟೇನು?

ಸೇಡಂ ರಸ್ತೆ ಕಿರಾಣಿ

ಎಲ್ಲರಿಗೂ ನಮಸ್ಕಾರ. ನನ್ನದು ಕಲಬುರಗಿಯಲ್ಲಿ ಸಣ್ಣ ಕಿರಾಣಿ ಅಂಗಡಿ. ಮಗಳು ಏಳನೇ ತರಗತಿ. ಶಾಲೆ ಬಿಟ್ಟ ಮೇಲೆ ಗಲ್ಲಾದ ಪಕ್ಕ ಕೂತು ಹೋಮ್‌ವರ್ಕ್ ಮಾಡುತ್ತಾಳೆ. ಮೊನ್ನೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನ ಕ್ಯಾಲ್ಕುಲೇಟರ್ ಎಳೆದುಕೊಂಡು 11 × 11 ಒತ್ತಿದಳು. 121 ಬಂತು. 111 × 111 ಒತ್ತಿದಳು. 12321. ಹಾಗೇ ಒಂದೊಂದು 1 ಸೇರಿಸುತ್ತಾ ಹೋದಳು. ಆರು ಒಂದುಗಳಿಗೆ ಬಂದಾಗ ಪರದೆ ತುಂಬ 12345654321. ಏಳು ಒಂದು ಹಾಕಿದರೆ ಮೂಲೆಯಲ್ಲಿ ಇಂಗ್ಲಿಷಿನ ಇ ಅಕ್ಷರ ಬಂದು ನಿಂತುಬಿಟ್ಟಿತು. ನನ್ನದು 12 ಅಂಕಿಯ ಕ್ಯಾಲ್ಕುಲೇಟರ್, ಅದರ ಶಕ್ತಿ ಅಷ್ಟೇ.

ಅವಳು ಅದನ್ನೆಲ್ಲ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದರ ಕೆಳಗೊಂದು ಬರೆದು ಶಾಲೆಯಲ್ಲಿ ತೋರಿಸಿದ್ದಾಳೆ. ಕೆಂಪು ಪೆನ್ನಿನಲ್ಲಿ "ಪಾಠಕ್ಕೆ ಸಂಬಂಧವಿಲ್ಲ" ಎಂದು ಬರೆದು ಕಳಿಸಿದ್ದಾರೆ. ಮಗು ಸಪ್ಪಗಾಗಿದೆ. ನನಗೂ ಬೇಜಾರಾಯಿತು. ನಾನು ಓದಿದ್ದು ಪಿಯುಸಿ ತನಕ, ಅದೂ ಕಾಮರ್ಸ್. ಅವಳು ಕೇಳುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯಾಕೆ ಹೀಗೆ ಏರಿ ಇಳಿಯುತ್ತದೆ? ಎಲ್ಲಿಯವರೆಗೆ ಹೀಗೇ ಹೋಗುತ್ತದೆ? ಈ ಸಂಖ್ಯೆಯಲ್ಲಿ ಇನ್ನೇನಾದರೂ ಇದೆಯಾ? ಬಲ್ಲವರು ಏಳನೇ ತರಗತಿಯ ಹುಡುಗಿಗೆ ತಿಳಿಯುವ ಹಾಗೆ ಹೇಳಿ.

ಹಂಪನಕಟ್ಟೆ

ಸರ್, ಈಗಲೇ ಮೊಬೈಲಿನಲ್ಲಿ ಹಾಕಿ ನೋಡಿದೆ. ಒಂಬತ್ತು ಒಂದುಗಳಿಗೆ 12345678987654321. ಮೈ ಜುಂ ಅಂತು!

ತಿಪಟೂರು ಮೇಷ್ಟ್ರು

ಮೊದಲು ಮಗಳಿಗೆ ನನ್ನ ಶಹಭಾಸ್ ಹೇಳಿ. ನಾನು 26 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿದವನು. ಪಾಠಕ್ಕೆ ಸಂಬಂಧ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗುಣಾಕಾರ, ವರ್ಗಸಂಖ್ಯೆ, ಅಪವರ್ತನ, ಎಲ್ಲವೂ ಇದೊಂದರಲ್ಲೇ ಇದೆ.

ಕ್ಯಾಲ್ಕುಲೇಟರ್ ಬದಿಗಿಡಿ. ಚೌಕುಳಿ ಹಾಳೆಯಲ್ಲಿ 111111 × 111111 ಅನ್ನು ಕೈಯಲ್ಲಿ ಮಾಡಿಸಿ. ಪ್ರತಿ ಸಾಲಿನಲ್ಲೂ ಬರುವುದು ಅದೇ 111111. ಆದರೆ ಪ್ರತಿ ಸಾಲು ಒಂದು ಮನೆ ಎಡಕ್ಕೆ ಸರಿಯುತ್ತದೆ. ಒಟ್ಟು ಆರು ಸಾಲು. ಈಗ ಮೇಲಿಂದ ಕೆಳಕ್ಕೆ ಕೂಡಿ. ಬಲತುದಿಯ ಕಂಬದಲ್ಲಿ ಒಂದೇ 1. ಪಕ್ಕದ್ದರಲ್ಲಿ ಎರಡು. ಅದರ ಪಕ್ಕ ಮೂರು. ನಡುವಿನ ಕಂಬದಲ್ಲಿ ಆರು. ಆಮೇಲೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುತ್ತಾ ಬರುತ್ತವೆ, ಹಾಗಾಗಿ ಐದು, ನಾಲ್ಕು, ಮೂರು, ಎರಡು, ಒಂದು. ಅಷ್ಟೇ. ಅಂದರೆ ಉತ್ತರದ ಒಂದೊಂದು ಅಂಕಿಯೂ ಆ ಕಂಬದಲ್ಲಿ ಎಷ್ಟು ಒಂದುಗಳಿವೆ ಅನ್ನುವ ಎಣಿಕೆ.

ರಂಗೋಲಿ ಅಜ್ಜಿ

ಮೇಷ್ಟ್ರೇ, ನೀವು ಹೇಳಿದ್ದನ್ನು ಎರಡು ಸಲ ಓದಿದೆ. ಇದು ನಮ್ಮ ಸಂದು ಚುಕ್ಕಿ ಅಲ್ಲವೇನಪ್ಪಾ? ನಡುವೆ 6 ಚುಕ್ಕಿ, ಮೇಲೆ ಕೆಳಗೆ 1 ಬರುವ ತನಕ ಸಂದು ಚುಕ್ಕಿ. ಸಾಲಿಗೆ 1, 2, 3, 4, 5, 6, 5, 4, 3, 2, 1. ನಾನು ಮದುವೆಯಾಗಿ ಬಂದಾಗಿನಿಂದ ಬಾಗಿಲ ಮುಂದೆ ಇಡುತ್ತಿರುವುದು ಇದನ್ನೇ. ಒಟ್ಟು 36 ಚುಕ್ಕಿ ಆಗುತ್ತದೆ. ಒಂದು ಮೂಲೆ ಕಡೆಯಿಂದ ನೋಡಿದರೆ ಆರು ಸಾಲು, ಸಾಲಿಗೆ ಆರು.

ತಿಪಟೂರು ಮೇಷ್ಟ್ರು

ಅಮ್ಮಾ, ಇಷ್ಟು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ನಿಮ್ಮ 36 ಚುಕ್ಕಿಗಳೇ ಆ ಗುಣಾಕಾರದ 36 ಒಂದುಗಳು. 12345654321 ರ ಅಂಕಿಗಳನ್ನು ಕೂಡಿ: 1+2+3+4+5+6+5+4+3+2+1 = 36. ಅದು 6 × 6. ಕಾಕತಾಳೀಯ ಅಲ್ಲ. ಆರು ಸಾಲು, ಸಾಲಿಗೆ ಆರು ಒಂದು, ಅದನ್ನೇ ಓರೆಯಾಗಿ ಎಣಿಸಿದ್ದೇವೆ. ಒಂಬತ್ತು ಒಂದುಗಳದ್ದಕ್ಕೆ ಕೂಡಿದರೆ 81 ಬರುತ್ತದೆ, ನೋಡಿ.

ಸೇಡಂ ರಸ್ತೆ ಕಿರಾಣಿ

ಅಜ್ಜಿ, ನಿಮ್ಮ ಮಾತು ಓದಿದ ಕೂಡಲೇ ಮಗಳು ಅಂಗಡಿ ಮುಂದಿನ ಕಟ್ಟೆ ಮೇಲೆ ಸೀಮೆಸುಣ್ಣದಲ್ಲಿ 36 ಚುಕ್ಕಿ ಇಟ್ಟಳು. ಈಗ ಗಿರಾಕಿಗಳು ದಾಟಿಕೊಂಡು ಬರುತ್ತಿದ್ದಾರೆ.

ಹಂಪನಕಟ್ಟೆ

ಹಾಗಾದರೆ ಕೊನೆಯೇ ಇಲ್ಲ ಅಲ್ವಾ? ಹತ್ತು ಒಂದುಗಳನ್ನು ವರ್ಗ ಮಾಡಿದರೆ 12345678910987654321. ವಾಟ್ಸಾಪಿನಲ್ಲಿ ಬಂದ ಪಟ್ಟಿಯಲ್ಲಿ ಹಾಗೇ ಇತ್ತು.

ಕೋರಮಂಗಲ ಕೋಡು

ತಪ್ಪು. ಅಂಕಿ ಎಣಿಸಿ. ನೀವು ಬರೆದಿರುವುದರಲ್ಲಿ 20 ಅಂಕಿ ಇದೆ. ಹತ್ತು ಒಂದುಗಳ ವರ್ಗದಲ್ಲಿ 19 ಅಂಕಿ ಮಾತ್ರ ಬರಬೇಕು. ನಿಜವಾದ ಉತ್ತರ 1234567900987654321.

ಹಂಪನಕಟ್ಟೆ

ನಡುವೆ ಎರಡು ಸೊನ್ನೆ? 8 ಎಲ್ಲಿ ಹೋಯಿತು ಏರುವಾಗ? ಇದು ಕಂಪ್ಯೂಟರ್ ತಪ್ಪು ಇರಬೇಕು.

ತಿಪಟೂರು ಮೇಷ್ಟ್ರು

ಕಂಪ್ಯೂಟರ್ ತಪ್ಪಲ್ಲಪ್ಪಾ. ನಡುವಿನ ಕಂಬದಲ್ಲಿ ಈಗ ಹತ್ತು ಒಂದುಗಳಿವೆ. ಹತ್ತನ್ನು ಒಂದು ಮನೆಯಲ್ಲಿ ಬರೆಯಲು ಆಗುವುದಿಲ್ಲ. ಸೊನ್ನೆ ಬರೆದು ದಶಕ ಒಂದನ್ನು ಪಕ್ಕಕ್ಕೆ ಕೊಡಬೇಕು. ಪಕ್ಕದಲ್ಲಿ 9 ಇದೆ, ಅದಕ್ಕೆ ಒಂದು ಸೇರಿ ಅದೂ ಹತ್ತಾಯಿತು. ಅಲ್ಲೂ ಸೊನ್ನೆ, ಮತ್ತೆ ದಶಕ ಒಂದು. ಅದರ ಪಕ್ಕದ 8 ಈಗ 9 ಆಯಿತು. ಅಲ್ಲಿಗೆ ನಿಂತಿತು. 8 ಎಲ್ಲೂ ಕಳೆದುಹೋಗಿಲ್ಲ, 9 ಆಗಿ ಕೂತಿದೆ. ಹಾಗಾಗಿ ಈ ಏರಿಳಿತ ಚೆಂದವಾಗಿ ಬರುವುದು ಒಂಬತ್ತು ಒಂದುಗಳವರೆಗೆ ಮಾತ್ರ.

ಕೋರಮಂಗಲ ಕೋಡು

ಇನ್ನೊಂದು ಮಾತು. ಹಂಪನಕಟ್ಟೆಯವರು ತಪ್ಪಾಗಿ ಬರೆದ 12345678910987654321 ಇದೆಯಲ್ಲ, ಅದು ಅವಿಭಾಜ್ಯ ಸಂಖ್ಯೆ! 1 ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗುವುದಿಲ್ಲ. ಅವಿಭಾಜ್ಯ ಸಂಖ್ಯೆ ಯಾವತ್ತೂ ಇನ್ನೊಂದರ ವರ್ಗ ಆಗಲಾರದು. ಅಂದರೆ ಆ ವಾಟ್ಸಾಪ್ ಪಟ್ಟಿ ತಪ್ಪು ಅನ್ನಲು ಗುಣಾಕಾರವೇ ಬೇಡ.

ಹಂಪನಕಟ್ಟೆ

ಒಪ್ಪಿದೆ. ಆ ಗುಂಪಿನಲ್ಲೂ ತಿದ್ದಿ ಹಾಕುತ್ತೇನೆ. ಆದರೆ ತಪ್ಪಾಗಿ ಬರೆದದ್ದು ಅವಿಭಾಜ್ಯ ಆಗಿರುವುದು ಎಷ್ಟು ಸೋಜಿಗ!

ದಾವಣಗೆರೆ ಬೆಣ್ಣೆದೋಸೆ

ಘನ ಮಾಡಿದರೂ ಹೀಗೇ ಬರುತ್ತದಾ?

ತಿಪಟೂರು ಮೇಷ್ಟ್ರು

ಸ್ವಲ್ಪ ದೂರ. 11 ರ ಘನ 1331. 111 ರ ಘನ 1367631, ಎರಡೂ ಕಡೆಯಿಂದ ಒಂದೇ. 1111 ಕ್ಕೆ ಬಂದರೆ 1371330631. ಅಲ್ಲಿಗೆ ಕೆಟ್ಟಿತು. ಘನದಲ್ಲಿ ಕಂಬಗಳು ಬೇಗ ಹತ್ತು ದಾಟುತ್ತವೆ.

ಕೋರಮಂಗಲ ಕೋಡು

ಕೋಡ್ ಬರೆಯುವವರಿಗೆ ಒಂದು ಎಚ್ಚರಿಕೆ. ಜಾವಾದಲ್ಲಿ ಮಾಮೂಲಿ ಪೂರ್ಣಾಂಕದ ಜಾಗದಲ್ಲಿ 111111 × 111111 ಹಾಕಿದರೆ 12345654321 ಬರುವುದಿಲ್ಲ. −539247567 ಬರುತ್ತದೆ. ಋಣ ಸಂಖ್ಯೆ! ಆ ಜಾಗ 32 ಬಿಟ್, ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2147483647. ತುಂಬಿದ ಬಿಂದಿಗೆಯಿಂದ ಚೆಲ್ಲಿದ ಹಾಗೆ ಮೇಲಿನ ಭಾಗ ಹೋಗಿಬಿಡುತ್ತದೆ. 64 ಬಿಟ್ ತಗೊಳ್ಳಿ. ಈ 2147483647 ಕೂಡ ಅವಿಭಾಜ್ಯ, 1772 ರಲ್ಲೇ ಗಣಿತಜ್ಞ ಆಯ್ಲರ್ ಕೈಲೆಕ್ಕದಲ್ಲಿ ಸಾಧಿಸಿದ್ದ.

ನಮ್ಮ ಆಫೀಸಿನಲ್ಲಿ ಒಮ್ಮೆ ಇದೇ ಕಾರಣಕ್ಕೆ ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದೆವು. ಒಂದು ವರದಿಯಲ್ಲಿ ಒಟ್ಟು ಮೊತ್ತ ಮೈನಸ್ ಬಂದಿತ್ತು. ಬೆಳಗಿನ ತನಕ ಎಲ್ಲರೂ ಡೇಟಾ ತಪ್ಪು ಅಂದುಕೊಂಡು ಹುಡುಕಿದೆವು. ತಪ್ಪಿದ್ದದ್ದು ಜಾಗದ ಅಳತೆಯಲ್ಲಿ.

ದಾವಣಗೆರೆ ಬೆಣ್ಣೆದೋಸೆ

ಕಿರಾಣಿ ಅಣ್ಣನ ಕ್ಯಾಲ್ಕುಲೇಟರ್ ವಾಸಿ. ಆಗಲ್ಲ ಅಂತ ಇ ತೋರಿಸಿ ನಿಂತಿತು, ಸುಳ್ಳು ಉತ್ತರ ಕೊಡಲಿಲ್ಲ.

ಮೈಸೂರು ಎಮ್ಮೆಸ್ಸಿ

ಅಪವರ್ತನದ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಇಷ್ಟ.

111111 = 111 × 1001. ಇದು ಕಣ್ಣಿಗೇ ಕಾಣುತ್ತದೆ: 111 ಅನ್ನು ಎರಡು ಸಲ ಬರೆದರೆ 111111. ಈಗ 111 = 3 × 37. ಮತ್ತೆ 1001 = 7 × 11 × 13. ಹಾಗಾಗಿ 111111 = 3 × 7 × 11 × 13 × 37. ಐದು ಬೇರೆ ಬೇರೆ ಅವಿಭಾಜ್ಯಗಳು, ಒಂದೊಂದು ಸಲ. 12345654321 ರಲ್ಲಿ ಅವೇ ಐದು, ಎರಡೆರಡು ಸಲ. ಇದರ ಭಾಜಕಗಳು ಒಟ್ಟು ಎಷ್ಟು ಗೊತ್ತಾ? ಪ್ರತಿ ಅವಿಭಾಜ್ಯವನ್ನೂ ಸೊನ್ನೆ ಸಲ, ಒಂದು ಸಲ ಅಥವಾ ಎರಡು ಸಲ ತಗೊಳ್ಳಬಹುದು. ಮೂರು ದಾರಿ, ಐದು ಬಾರಿ. 3 × 3 × 3 × 3 × 3 = 243.

ಹಂಪನಕಟ್ಟೆ

ಭಾಜಕಗಳು ಜೋಡಿ ಜೋಡಿಯಾಗಿ ಬರಬೇಕಲ್ಲ? 243 ಬೆಸ ಸಂಖ್ಯೆ. ಎಲ್ಲೋ ತಪ್ಪಿದೆ.

ಮೈಸೂರು ಎಮ್ಮೆಸ್ಸಿ

ಒಳ್ಳೆ ಪ್ರಶ್ನೆ. ಇದು ಪೂರ್ಣವರ್ಗ. 111111 ಕ್ಕೆ ಜೋಡಿ 111111 ತಾನೇ. ಅದನ್ನು ಒಂದೇ ಸಲ ಎಣಿಸುತ್ತೇವೆ. ಉಳಿದ 242 ಜೋಡಿಯಾಗುತ್ತವೆ. 9 ತಗೊಂಡು ನೋಡಿ: 1, 3, 9. ಮೂರೇ ಭಾಜಕ. ಯಾವ ಪೂರ್ಣವರ್ಗಕ್ಕಾದರೂ ಭಾಜಕಗಳ ಎಣಿಕೆ ಬೆಸವೇ.

ಬೆಳಗಾವಿ ಕುಂದಾ

11 ರಿಂದ ಭಾಗ ಹೋಗುವುದಕ್ಕೆ ಅಷ್ಟೆಲ್ಲ ಯಾಕ್ರೀ ಬೇಕು? ಇದು ವಿಕಟಕವಿ ಸಂಖ್ಯೆ, ಹಿಂದೆ ಮುಂದೆ ಓದಿದರೂ ಒಂದೇ. ವಿಕಟಕವಿ ಸಂಖ್ಯೆ ಎಲ್ಲವೂ 11 ರಿಂದ ಭಾಗ ಹೋಗುತ್ತವೆ ಅಂತ ನಮಗೆ ಹೇಳಿಕೊಟ್ಟಿದ್ದರು.

ತಿಪಟೂರು ಮೇಷ್ಟ್ರು

ಅರ್ಧ ಸರಿ. ಅಂಕಿಗಳ ಎಣಿಕೆ ಸಮ ಇದ್ದರೆ ಮಾತ್ರ ಅದು ನಿಯಮ. 1221, 4554, ಹೀಗೆ. 131 ತಗೊಳ್ಳಿ, 11 ರಿಂದ ಹೋಗುವುದಿಲ್ಲ. ಇದೇ ಮನೆತನದ 12321 ಕೂಡ ಹೋಗುವುದಿಲ್ಲ, ಒಂದು ಉಳಿಯುತ್ತದೆ. ನಮ್ಮ ಸಂಖ್ಯೆಯಲ್ಲಿ 11 ಅಂಕಿ. ಅದು ಭಾಗ ಹೋಗುವುದು ಬೇರೆ ಕಾರಣಕ್ಕೆ: 111111 ರಲ್ಲಿ ಒಂದುಗಳು ಆರು, ಸಮ.

ಮಗಳ ಕೈಲಿ ಒಂದು ಲೆಕ್ಕ ಮಾಡಿಸಿ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯಾಗಿ ಒಡೆಯಿರಿ: 12, 345, 654, 321. ಬಲದಿಂದ ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಬನ್ನಿ. 321 − 654 + 345 − 12. ಉತ್ತರ ಸೊನ್ನೆ! ಸೊನ್ನೆ ಬಂದರೆ 1001 ರಿಂದ ಭಾಗ ಹೋಗುತ್ತದೆ, ಅಂದರೆ 7, 11, 13 ಮೂರರಿಂದಲೂ. ಇನ್ನು ಅದೇ ತುಂಡುಗಳನ್ನು ಸುಮ್ನೆ ಕೂಡಿ: 12 + 345 + 654 + 321 = 1332. ಮತ್ತೆ ಒಡೆದು ಕೂಡಿದರೆ 1 + 332 = 333. ಅದು 9 × 37. ಹಾಗಾಗಿ 37 ಕ್ಕೂ ಸರಿ, 9 ಕ್ಕೂ ಸರಿ. ಭಾಗಾಕಾರ ಒಂದೂ ಮಾಡದೆ ಐದೂ ಅಪವರ್ತನ ಹಿಡಿದಾಯಿತು.

ಬೆಳಗಾವಿ ಕುಂದಾ

ಸರಿ ಸರ್, ತಿದ್ದಿಕೊಂಡೆ. ಮೂವತ್ತು ವರ್ಷ ತಪ್ಪು ನಿಯಮ ಇಟ್ಟುಕೊಂಡಿದ್ದೆ.

ಕಾಗಿಣಾ ತೀರ

ಕಿರಾಣಿ ಅಣ್ಣಾ, ನೀವು ಇರುವುದು ಸೇಡಂ ರಸ್ತೆಯಲ್ಲಿ. ಅದೇ ರಸ್ತೆ ಹಿಡಿದು ಸುಮಾರು ನಲವತ್ತು ಕಿಲೋಮೀಟರ್ ಬಂದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ನಮ್ಮ ಮಳಖೇಡ. ನಿಮ್ಮ ಮಗಳು ಕಂಡ ಇದೇ ಸಂಖ್ಯೆ, 12345654321, ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ ರಾಷ್ಟ್ರಕೂಟರ ಕಾಲದ ಗಣಿತ ಪುಸ್ತಕದಲ್ಲಿ ಬಂದಿದೆ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹ. ಕಾಲ ಕ್ರಿ.ಶ. 850 ರ ಸುಮಾರು. ಅದರ ಗುಣಾಕಾರದ ಲೆಕ್ಕಗಳಲ್ಲಿ 27994681 ಅನ್ನು 441 ರಿಂದ ಗುಣಿಸಿ ಅನ್ನುವುದು ಒಂದು. ಮಾಡಿ ನೋಡಿ, ಏನು ಬರುತ್ತದೆ ಅಂತ.

ಸೇಡಂ ರಸ್ತೆ ಕಿರಾಣಿ

ಒತ್ತಿದೆ. 12345654321. ನನ್ನ ಕೈ ಒಂದು ಕ್ಷಣ ಗುಂಡಿ ಮೇಲೇ ನಿಂತಿತು. ಮಗಳನ್ನು ಕೂಗಿ ತೋರಿಸಿದೆ. ಅವಳು ನಂಬದೆ ತಾನೂ ಒಂದು ಸಲ ಒತ್ತಿದಳು.

ದಾವಣಗೆರೆ ಬೆಣ್ಣೆದೋಸೆ

ಜೈನ ತೀರ್ಥಂಕರ ಮಹಾವೀರರು ಗಣಿತವನ್ನೂ ಬರೆದಿದ್ದರಾ?

ಕಾಗಿಣಾ ತೀರ

ಇಲ್ಲ ಇಲ್ಲ, ಬೇರೆಯವರು. ತೀರ್ಥಂಕರರು ಇವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವರು. ಇವರು ಜೈನ ಗಣಿತಜ್ಞರು, ಪುಸ್ತಕದ ಆರಂಭದಲ್ಲೇ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಆ ಪುಸ್ತಕದಲ್ಲಿ ಇಂಥ ಗುಣಲಬ್ಧಗಳಿಗೆ ಹಾರದ ಹೆಸರು ಇದೆ, ಅರಸನ ಕೊರಳಿನ ಆಭರಣ ಅನ್ನುವ ಅರ್ಥದಲ್ಲಿ. 139 × 109 = 15151. 12345679 × 9 = 111111111. ನನಗೆ ತುಂಬಾ ಇಷ್ಟವಾದದ್ದು 333333666667 × 33 = 11000011000011. ಮಣಿ ಪೋಣಿಸಿದ ಹಾಗೇ ಇದೆ. ಕನ್ನಡದ ಮೊದಲ ಗಣಿತ ಪುಸ್ತಕ ಇದು, ನಾವು ಹೆಮ್ಮೆ ಪಡಬೇಕು.

ಮೈಸೂರು ಎಮ್ಮೆಸ್ಸಿ

ಹೆಮ್ಮೆ ಖಂಡಿತ. ಆದರೆ ಪುಸ್ತಕ ಸಂಸ್ಕೃತದಲ್ಲಿದೆ, ಕನ್ನಡದಲ್ಲಲ್ಲ. ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗ ರಾಜಾದಿತ್ಯ, 12 ನೇ ಶತಮಾನದವನು. ಅವನ ವ್ಯವಹಾರಗಣಿತ ಇದೆ. ಇನ್ನು ಮಹಾವೀರಾಚಾರ್ಯರ ಪುಸ್ತಕವನ್ನು 11 ನೇ ಶತಮಾನದಲ್ಲೇ ಪಾವುಲೂರಿ ಮಲ್ಲನ ತೆಲುಗಿಗೆ ತಂದಿದ್ದ. 1912 ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು. ಆಮೇಲೆ ಹೊರಗಿನವರಿಗೆ ಜಾಸ್ತಿ ಗೊತ್ತಾಯಿತು.

ಕಾಗಿಣಾ ತೀರ

ಭಾಷೆಯ ವಿಷಯ ಒಪ್ಪಿದೆ. ಆದರೂ ನಮ್ಮ ನೆಲದ್ದು ಅನ್ನುವುದನ್ನು ಬಿಟ್ಟುಕೊಡುವುದಿಲ್ಲ. ಮಳಖೇಡದ ಕೋಟೆ ನೋಡಲು ಬರುವವರಿಗೆ ಕವಿರಾಜಮಾರ್ಗದ ಹೆಸರು ಗೊತ್ತಿರುತ್ತದೆ. ಈ ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲ. ಅದೇ ನನ್ನ ಸಂಕಟ.

ಹಂಪನಕಟ್ಟೆ

ಅದೆಲ್ಲ ಇರಲಿ, 27994681 ಅನ್ನುವ ವಿಚಿತ್ರ ಸಂಖ್ಯೆ ಅವರಿಗೆ ಹೇಗೆ ಹೊಳೆಯಿತು?

ಮೈಸೂರು ಎಮ್ಮೆಸ್ಸಿ

ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾವು ಹೇಳಲಾಗದು. ಆದರೆ ಸಂಖ್ಯೆಯ ಒಳಗೆ ನೋಡಬಹುದು. 441 ಅಂದರೆ 21 ರ ವರ್ಗ. 21 = 3 × 7. ಐದು ಅಪವರ್ತನಗಳಲ್ಲಿ ಉಳಿದದ್ದು 11, 13, 37. ಅವನ್ನು ಗುಣಿಸಿದರೆ 5291. ಅದರ ವರ್ಗವೇ 27994681. ಅಂದರೆ 21 × 5291 = 111111 ಅನ್ನುವುದನ್ನು ಎರಡೂ ಕಡೆ ವರ್ಗ ಮಾಡಿ ಲೆಕ್ಕ ಕೊಟ್ಟ ಹಾಗಿದೆ.

ರಂಗೋಲಿ ಅಜ್ಜಿ

ಇಷ್ಟು ದೊಡ್ಡ ಸಂಖ್ಯೆಯನ್ನು ಓದುವುದು ಹೇಗೆ? ನಾನು ಕೋಟಿ ದಾಟಿ ಓದಿಲ್ಲ.

ತಿಪಟೂರು ಮೇಷ್ಟ್ರು

1234 ಕೋಟಿ 56 ಲಕ್ಷ 54 ಸಾವಿರದ 321 ಅಮ್ಮಾ. ಮಹಾವೀರಾಚಾರ್ಯರ ಪುಸ್ತಕದಲ್ಲಿ 24 ಸ್ಥಾನಗಳಿಗೆ ಹೆಸರುಗಳಿವೆ. ಏಕದಿಂದ ಹಿಡಿದು ಮಹಾಕ್ಷೋಭದ ತನಕ. ಅವರ ಎಣಿಕೆಯಲ್ಲಿ ಇದರ ಎಡತುದಿಯ 1 ಬರುವುದು ಅರ್ಬುದದ ಸ್ಥಾನದಲ್ಲಿ.

ಹೆಸರು ಬೇಡ

ಇದೆಲ್ಲದರಿಂದ ಏನು ಉಪಯೋಗ? ಪರೀಕ್ಷೆಗೆ ಬರುವುದಿಲ್ಲ. ಶಾಲೆಯವರು ಹೇಳಿದ್ದು ಸರಿ ಇದೆ. ಪಾಠ ಮುಗಿಸುವುದೇ ಕಷ್ಟ ಅವರಿಗೆ.

ತಿಪಟೂರು ಮೇಷ್ಟ್ರು

ಪಾಠ ಮುಗಿಸುವ ಒತ್ತಡ ನನಗೂ ಗೊತ್ತು. ಅದನ್ನು ಅನುಭವಿಸಿದ್ದೇನೆ. ಆ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ಮಗು ತಾನಾಗಿ ಆರು ಸಾಲು ಬರೆದು ತಂದರೆ, ಕೆಳಗೆ "ಏಳನೆಯದು ಏನಿರಬಹುದು?" ಅಂತ ಬರೆಯಲು ಎಷ್ಟು ಹೊತ್ತು ಬೇಕು? ಕೆಂಪು ಪೆನ್ನು ಹೇಗೂ ಕೈಯಲ್ಲೇ ಇತ್ತು.

ಕೋರಮಂಗಲ ಕೋಡು

ಉಪಯೋಗ ಕೇಳಿದವರಿಗೆ: ಈ ಸಂಖ್ಯೆ ಹತ್ತರ ಲೆಕ್ಕದಲ್ಲಿ ಮಾತ್ರ ವರ್ಗ ಅಲ್ಲ. ಏಳು ಅಂಕಿಗಳಲ್ಲೇ ಎಣಿಸುವ ಪದ್ಧತಿ, ಅಂದರೆ 0 ರಿಂದ 6 ರವರೆಗೆ ಮಾತ್ರ ಇರುವ ಪದ್ಧತಿಯಲ್ಲೂ 12345654321 ಅಂತ ಬರೆದರೆ ಅದು 111111 ರ ವರ್ಗವೇ. ನಮ್ಮ ಮಾಮೂಲಿ ಲೆಕ್ಕದಲ್ಲಿ ಆ 111111 ಅಂದರೆ 19608, ವರ್ಗ 384473664. ಏಳು ಅಥವಾ ಅದಕ್ಕಿಂತ ದೊಡ್ಡ ಯಾವ ಪದ್ಧತಿಯಲ್ಲಾದರೂ ಇದು ನಿಜ. ಯಾಕೆಂದರೆ ಅಜ್ಜಿಯ ರಂಗೋಲಿಯಲ್ಲಿ ಯಾವ ಸಾಲಿನಲ್ಲೂ 6 ಕ್ಕಿಂತ ಜಾಸ್ತಿ ಚುಕ್ಕಿ ಇಲ್ಲ, ದಶಕ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಕಂಪ್ಯೂಟರ್ ಓದುವ ಮಕ್ಕಳಿಗೆ ಸ್ಥಾನಬೆಲೆ ತಿಳಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ರಂಗೋಲಿ ಅಜ್ಜಿ

ನನ್ನ ರಂಗೋಲಿ ಕಂಪ್ಯೂಟರ್ ತನಕ ಹೋಯಿತು. ಮೊಮ್ಮಗನಿಗೆ ಓದಿ ಹೇಳುತ್ತೇನೆ.

ಸೇಡಂ ರಸ್ತೆ ಕಿರಾಣಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಭಾನುವಾರ ಅಂಗಡಿ ಅರ್ಧ ದಿನ ಮುಚ್ಚಿ ಮಗಳನ್ನು ಮಳಖೇಡಕ್ಕೆ ಕರೆದುಕೊಂಡು ಹೋಗಿದ್ದೆ. ಕೋಟೆ ಗೋಡೆ ಮೇಲೆ ಕೂತು ನೋಟ್‌ಬುಕ್ ತೆಗೆದಳು. 5291 × 21 = 111111 ಅನ್ನುವುದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. 42 ರಿಂದ ಗುಣಿಸಿದರೆ 222222, 63 ರಿಂದ 333333 ಅಂತ ತಾನೇ ಬರೆದಳು. ಆಮೇಲೆ ಸುಮ್ನೆ 22, 23 ಅಂತ ಒಂದೊಂದೇ ಮಾಡುತ್ತಾ ಹೋದಳು. 27 ಕ್ಕೆ 142857 ಬಂತು. ಅದರಲ್ಲಿ ಏನೋ ಇದೆ ಅನ್ನುತ್ತಾಳೆ. ಎರಡರಿಂದ ಗುಣಿಸಿದರೆ 285714, ಮೂರರಿಂದ 428571. ಅವೇ ಅಂಕಿಗಳು ಸುತ್ತುತ್ತಿವೆಯಂತೆ. ಹೌದಾ?

ಮೈಸೂರು ಎಮ್ಮೆಸ್ಸಿ

ಹೌದು! ಅವಳಿಗೆ ಏನನ್ನೂ ಹೇಳಬೇಡಿ. 4, 5, 6 ರಿಂದಲೂ ಗುಣಿಸಲಿ. ಆಮೇಲೆ 7 ರಿಂದ ಗುಣಿಸಿ ಏನು ಬಂತು ಅಂತ ಇಲ್ಲಿ ಬರೆಯಲಿ. ನಾನು ಕಾಯುತ್ತಿರುತ್ತೇನೆ.